ಯಾರನ್ನು ಮೊದಲು ಕರೆಯಬೇಕು

ಮತ್ತೋಡಿನಿಂದ ಐದಾರು ಮೈಲಿ ಆಚೆ ಇರುವ ಕರೇಗುಡ್ಡದ ತಾಮ್ರದ ಗಣಿಗೆ ಕಂಪ್ಯೂಟರ್ ಬಂದದ್ದು ೧೯೭೭ರ ದೀಪಾವಳಿ ಕಳೆದ ಮೇಲೆ. ಲಾರಿಯಲ್ಲಿ ಒಣಹುಲ್ಲು ಹಾಸಿ, ಬೀರುವಿನಷ್ಟು ಎತ್ತರದ ಎರಡು ಪೆಟ್ಟಿಗೆಗಳನ್ನು ನಿಲ್ಲಿಸಿಕೊಂಡೇ ತಂದಿದ್ದರು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಪ್ರಯೋಗಕ್ಕೆಂದು ಕೊಟ್ಟ ಯಂತ್ರ ಅದು. ಗಣಿಯೊಳಗಿನ ನೀರೆತ್ತುವ ಪಂಪುಗಳು, ಗಾಳಿ ಊದುವ ಫ್ಯಾನು, ಇವುಗಳ ಮೇಲೆ ಸದಾ ಕಣ್ಣಿಟ್ಟಿದ್ದು, ಯಾವುದಾದರೂ ಕೆಟ್ಟರೆ ಕೂಡಲೇ ತಿಳಿಸುವುದು ಅದರ ಕೆಲಸ. ಆ ಕೆಲಸವನ್ನು ಅದಕ್ಕೆ ಕಲಿಸಬೇಕಾದವಳು ದಾಕ್ಷಾಯಣಿ.

ದಾಕ್ಷಾಯಣಿ ಹೊಳಲ್ಕೆರೆಯ ಕೊಬ್ಬರಿ ವ್ಯಾಪಾರಿ ಏಕಾಂತಪ್ಪನವರ ಮಗಳು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಆ ಸಂಸ್ಥೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು. ಗಣಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ತಲೆ ತಗ್ಗಿಸಿದರು. ತನ್ನ ಜಿಲ್ಲೆಯಲ್ಲವೇ ಎಂದು ಇವಳು ಒಪ್ಪಿಕೊಂಡಳು. ಹೊಸದುರ್ಗದಲ್ಲಿ ಒಂದು ಕೋಣೆ ಹಿಡಿದು, ದಿನಾ ಬೆಳಿಗ್ಗೆ ಗಣಿಯ ಜೀಪಿನಲ್ಲಿ ಬರುತ್ತಿದ್ದಳು. ಹೆಂಗಸರು ಗಣಿಯೊಳಗೆ ಇಳಿಯಬಾರದೆಂದು ಕಾನೂನೇ ಇತ್ತು. ಹಾಗಾಗಿ ತನ್ನ ಯಂತ್ರ ಕಾಯಬೇಕಾದ ಪಂಪುಗಳನ್ನು ಅವಳು ಕಣ್ಣಾರೆ ಕಂಡದ್ದೇ ಇಲ್ಲ. ನಕ್ಷೆಯಲ್ಲಿ ನೋಡಿದ್ದಳು, ಉಳಿದದ್ದನ್ನು ಕೆಂಚಣ್ಣನ ಬಾಯಿಂದ ಕೇಳಿ ತಿಳಿದುಕೊಂಡಿದ್ದಳು.

ಕೆಂಚಣ್ಣ ಪಂಪುಗಳ ಮೇಸ್ತ್ರಿ. ಮಾಡದಕೆರೆಯವನು, ವಯಸ್ಸು ಐವತ್ತು ದಾಟಿತ್ತು. ಗಣಿಯ ತಳ ಎಂದರೆ ನಾಲ್ಕನೇ ಲೆವೆಲ್ಲು, ಮೇಲಿನಿಂದ ನಾಲ್ಕನೇ ಅಂತಸ್ತು. ಬಂಡೆಯ ಸಂದಿಗಳಿಂದ ಒಸರುವ ನೀರೆಲ್ಲ ಅಲ್ಲಿನ ಹೊಂಡಕ್ಕೆ ಇಳಿಯುತ್ತಿತ್ತು. ಅದನ್ನು ಮೇಲಕ್ಕೆ ಎತ್ತಲು ಒಂದು ಪಂಪು, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು. ಇಪ್ಪತ್ತೆರಡು ವರ್ಷಗಳಿಂದ ಕೆಂಚಣ್ಣ ಆ ಹೊಂಡದ ಪಕ್ಕದಲ್ಲೇ ಒಂದು ಹಲಗೆ ಹಾಕಿಕೊಂಡು, ಒದ್ದೆಯಲ್ಲಿ ಕೂತು, ಪಂಪಿನ ಸದ್ದು ಕೇಳುತ್ತಿದ್ದ. ಅವನ ಎರಡೂ ಮಂಡಿಗಳು ಊದಿಕೊಂಡಿದ್ದವು.

ಪಾಳಿ ಮುಗಿಸಿ ಮೇಲೆ ಬಂದಾಗ ಅವನು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ಬೋರ್ಡು ಇತ್ತು. ಅವನು ಚಪ್ಪಲಿ ಬಿಟ್ಟರೂ ಒಳಗೆ ಬರುತ್ತಿರಲಿಲ್ಲ.

“ಬರ್ರಿ ಕೆಂಚಣ್ಣ, ಕುಂತ್ಕಳ್ರಿ,” ಎಂದಳು ಒಂದು ದಿನ ದಾಕ್ಷಾಯಣಿ.

“ಮೈಯೆಲ್ಲ ಕೆಸರೈತೆ ಅಮ್ಮಾರೆ. ಇಲ್ಲೇ ನಿಂತ್ಕಂತೀನಿ. ಇದು ಪಂಪು ಕೆಟ್ಟಿದ್ದು ಹೆಂಗೆ ಹೇಳ್ತೈತೆ ಅಂತ ಒಂದೀಟು ಹೇಳ್ರಿ.”

ಅವಳಿಗೂ ಯಾರಿಗಾದರೂ ಹೇಳಬೇಕೆನಿಸಿತ್ತು. ಬೆಂಗಳೂರಿನವರು ಬರೆದುಕೊಟ್ಟಿದ್ದ ಮುಖ್ಯ ಪ್ರೋಗ್ರಾಮಿನಲ್ಲಿ, ಪಂಪು ಕೆಟ್ಟರೆ ಏನೇನು ಮಾಡಬೇಕೆಂಬುದನ್ನೆಲ್ಲ ಒಳಗೇ ಹೊಲಿದುಬಿಟ್ಟಿದ್ದರು. ಗಣಿಯಲ್ಲಿ ಎಚ್ಚರಿಕೆಯ ಗಂಟೆಯೊಂದನ್ನು ಹೆಚ್ಚಿಗೆ ಹಾಕಿದರೂ ಇಡೀ ಪ್ರೋಗ್ರಾಮನ್ನು ಮತ್ತೆ ಕಾಗದದ ಟೇಪಿನಲ್ಲಿ ತೂತು ಹೊಡೆಯಬೇಕಿತ್ತು. ಅದಕ್ಕೆ ಮೂರು ದಿನ ಬೇಕು. ದಾಕ್ಷಾಯಣಿ ಅದನ್ನು ಬಿಚ್ಚಿ ಬೇರೆ ಮಾಡಿದ್ದಳು. ಗಂಟೆ ಬಾರಿಸಲು ಒಂದು ಪುಟ್ಟ ಪ್ರೋಗ್ರಾಮು, ಎರಡನೇ ಪಂಪು ಚಾಲೂ ಮಾಡಲು ಒಂದು, ಮ್ಯಾನೇಜರ್ ಕೋಣೆಯ ಟೆಲಿಪ್ರಿಂಟರಿನಲ್ಲಿ ಸುದ್ದಿ ಅಚ್ಚು ಮಾಡಲು ಇನ್ನೊಂದು. ಮುಖ್ಯ ಪ್ರೋಗ್ರಾಮಿನಲ್ಲಿ ಇದ್ದದ್ದು ಬರೀ ಒಂದು ಖಾಲಿ ಪಟ್ಟಿ. ಪ್ರತಿಯೊಂದು ಪುಟ್ಟ ಪ್ರೋಗ್ರಾಮೂ ಮೊದಲೇ ಬಂದು, ಪಂಪು ಕೆಟ್ಟರೆ ನನ್ನನ್ನು ಕರೆ ಎಂದು ಆ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಕೆಟ್ಟಾಗ ಮುಖ್ಯ ಪ್ರೋಗ್ರಾಮು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಾ ಹೋಗುತ್ತದೆ. ಅವರು ಏನು ಮಾಡುತ್ತಾರೆಂದು ಅದಕ್ಕೆ ಗೊತ್ತಿರಬೇಕಿಲ್ಲ.

ಕೆಂಚಣ್ಣ ಕಣ್ಣು ಕಿರಿದು ಮಾಡಿ ಕೇಳಿದ. “ನಮ್ಮೂರ ತಳವಾರ ಇದ್ದಂಗೆ ಅನ್ರಿ. ಮನೆ ಮನೆ ಮುಂದೆ ನಿಂತು ಕೂಗ್ತಾನೆ. ಕೂಗಿದ್ಮೇಲೆ ಯಾರು ಏನು ಮಾಡ್ತಾರೆ ಅಂತ ಅವ್ನಿಗೆ ಬೇಕಿಲ್ಲ.”

“ಹಂಗೇ. ಆದ್ರೆ ಈ ತಳವಾರ ಒಂದು ಮನೆಯೋರು ಕೆಲಸ ಮುಗಿಸಿ ಆಯ್ತು ಅನ್ನೋ ತನಕ ಮುಂದಿನ ಮನೆಗೆ ಹೋಗಲ್ಲ.”

“ಮೊದ್ಲನೇ ಮನೆ ಯಾರ್ದು?”

“ಅದಿನ್ನೂ ಗೊತ್ತು ಮಾಡಿಲ್ಲ,” ಎಂದಳು ದಾಕ್ಷಾಯಣಿ.

ಅದನ್ನು ಗೊತ್ತು ಮಾಡಿದವರು ಮ್ಯಾನೇಜರ್ ಮರುಳಸಿದ್ದಪ್ಪನವರು. ಕೆಟ್ಟ ಮನುಷ್ಯರಲ್ಲ. ಎಂಟು ವರ್ಷ ಹಿಂದೆ ಬೇರೆ ಗಣಿಯಲ್ಲಿ ಅಸಿಸ್ಟೆಂಟ್ ಆಗಿದ್ದಾಗ ಒಮ್ಮೆ ಮೇಲ್ಭಾಗದ ಬಂಡೆ ಕುಸಿದು, ಆ ಸುದ್ದಿ ಅವರಿಗೆ ಮುಟ್ಟುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಕೆಳಗೆ ಸಿಕ್ಕಿಕೊಂಡವರಲ್ಲಿ ಒಬ್ಬ ಉಳಿಯಲಿಲ್ಲ. ಆ ಒಂದು ಗಂಟೆಯನ್ನು ಅವರು ಮರೆತಿರಲಿಲ್ಲ.

“ನೋಡಮ್ಮ ದಾಕ್ಷಾಯಣಮ್ಮ, ನನ್ನ ಗಣೀಲಿ ಏನೇ ಆದ್ರೂ ಮೊದ್ಲು ನಂಗೆ ಗೊತ್ತಾಗ್ಬೇಕು. ಆಮೇಲೆ ಯಾರಿಗಾದ್ರೂ ಹೇಳ್ಲಿ,” ಎಂದರು.

ಎರಡು ಸಾಲಿನ ಸುದ್ದಿ ಅಚ್ಚಾಗಲು ಟೆಲಿಪ್ರಿಂಟರಿಗೆ ಹನ್ನೆರಡು ಸೆಕೆಂಡು ಸಾಕು. ಅಷ್ಟಕ್ಕೆ ಏನು ಮುಳುಗಿಹೋಗುತ್ತದೆ ಎಂದುಕೊಂಡಳು ಅವಳು. ಮೇಲಿನವರ ಜೊತೆ ವಾದ ಮಾಡುವುದೂ ಅವಳಿಗೆ ಅಭ್ಯಾಸವಿರಲಿಲ್ಲ. ಪಟ್ಟಿಯಲ್ಲಿ ಮೊದಲು ಅಚ್ಚು, ಆಮೇಲೆ ಗಂಟೆ, ಆಮೇಲೆ ಎರಡನೇ ಪಂಪು ಎಂದು ಬರೆದುಬಿಟ್ಟಳು. ಕೆಂಚಣ್ಣನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಫೆಬ್ರವರಿಯಲ್ಲಿ ಯಂತ್ರ ಕೆಲಸ ಶುರು ಮಾಡಿತು. ಸೋಮವಾರಕ್ಕೊಮ್ಮೆ ಪರೀಕ್ಷೆಗೆಂದು ಕೆಂಚಣ್ಣನೇ ಕೆಳಗೆ ಪಂಪಿನ ಸ್ವಿಚ್ ತೆಗೆಯುತ್ತಿದ್ದ. ಗಂಟೆ ಬಡಿಯುತ್ತಿತ್ತು, ಎರಡನೇ ಪಂಪು ತಾನಾಗಿ ಹೊರಡುತ್ತಿತ್ತು. ಮೂರನೇ ಸೋಮವಾರ ಅವನು ಬಾಗಿಲಲ್ಲಿ ನಿಂತು ಹೇಳಿದ.

“ಬೆಲ್ಲು ತಡವಾಗಿ ಬಡೀತೈತೆ ಅಮ್ಮಾರೆ. ಸ್ವಿಚ್ ತೆಗ್ದು ಎಣಿಸ್ದೆ. ಹನ್ನೆರಡು ಅಂದಾಗ ಬಡೀತು.”

“ಹನ್ನೆರಡು ಎಣಿಸೋದ್ರಲ್ಲಿ ನೀರು ಎಷ್ಟು ಏರ್ತದೆ ಕೆಂಚಣ್ಣ?”

“ಬೆರಳಿನ ದಪ್ಪಾನೂ ಏರಲ್ಲ.”

“ಮತ್ತೆ?”

“ಮತ್ತೇನಿಲ್ಲ ಬಿಡ್ರಿ,” ಎಂದು ಅವನು ಹೊರಟುಹೋದ.

ಬೇಸಿಗೆ ಬರುವ ಹೊತ್ತಿಗೆ ಗಂಟೆಯ ಮೇಲೆ ಎಲ್ಲರಿಗೂ ನಂಬಿಕೆ ಬಂದಿತ್ತು. ಎರಡನೇ ಲೆವೆಲ್ಲಿನಲ್ಲಿ ಒಣಗಿದ ಜಾಗದಲ್ಲಿ ಒಂದು ಪುಟ್ಟ ಕೋಣೆ ಇತ್ತು. ಹೊಂಡದ ಪಕ್ಕದ ಗಂಟೆಯನ್ನು ಕಿತ್ತು ಅಲ್ಲಿಗೆ ಹಾಕಿಸಿದರು, ಕೆಂಚಣ್ಣ ತನ್ನ ಹಲಗೆಯನ್ನೂ ಅಲ್ಲಿಗೆ ಸಾಗಿಸಿದ. ಪಾಳಿಗೆ ಎರಡು ಸಲ ಇಳಿದು ಪಂಪು ನೋಡಿಕೊಂಡು ಬಂದರೆ ಆಯಿತು. ಮಂಡಿಯ ಊತ ಇಳಿಯಿತು. ಆಫೀಸಿನ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಅವನು ಬಿಟ್ಟದ್ದನ್ನು ದಾಕ್ಷಾಯಣಿ ಗಮನಿಸಿದಳು, ಒಳಗೊಳಗೇ ಹೆಮ್ಮೆಪಟ್ಟಳು.

ಜೂನ್ ಎರಡನೇ ವಾರ ಬೆಂಗಳೂರಿನಿಂದ ತಪಾಸಣೆಗೆ ಬರುವವರಿದ್ದರು. ಅವರಿಗೆ ತೋರಿಸಲು ಪ್ರೋಗ್ರಾಮಿನ ಎಲ್ಲ ಸಾಲುಗಳೂ ಕಾಗದದ ಮೇಲೆ ಬೇಕಿದ್ದವು. ಇದ್ದದ್ದು ಒಂದೇ ಟೆಲಿಪ್ರಿಂಟರು, ಮ್ಯಾನೇಜರ್ ಕೋಣೆಯದು. ಮ್ಯಾನೇಜರು ಚಿತ್ರದುರ್ಗಕ್ಕೆ ಹೋಗಿದ್ದ ಬೆಳಿಗ್ಗೆ ನೋಡಿ ದಾಕ್ಷಾಯಣಿ ಅಚ್ಚಿಗೆ ಹಾಕಿದಳು. ಎರಡೂವರೆ ಗಂಟೆ ಕಟಕಟ ಸದ್ದು. ಮುಗಿದ ಮೇಲೆ ಉದ್ದನೆಯ ಕಾಗದವನ್ನು ಹರಿದು, ಸೀರೆ ಮಡಿಸಿದ ಹಾಗೆ ಮಡಿಸಿ, ಬಗಲಿಗಿಟ್ಟುಕೊಂಡು ತನ್ನ ಕೋಣೆಗೆ ಬಂದಳು. ಆಗ ಹನ್ನೊಂದು ಗಂಟೆ.

ಮಧ್ಯಾಹ್ನ ಒಂದರ ಸುಮಾರಿಗೆ ಬಾವಿಯ ಬಾಯಿಯ ಕಡೆಯಿಂದ ಗಲಾಟೆ ಕೇಳಿಸಿತು. ಬಾವಿಯೆಂದರೆ ಜನರನ್ನು ಇಳಿಸಿ ಹತ್ತಿಸುವ ಪಂಜರ ಓಡಾಡುವ ಆಳದ ಗುಂಡಿ. ಪಂಜರದ ಯಂತ್ರ ನಡೆಸುವ ಓಬಳೇಶಪ್ಪ, ಜಾಗ ಬಿಡ್ರಿ ಎಂದು ಕೂಗುತ್ತಿದ್ದ. ದಾಕ್ಷಾಯಣಿ ಓಡಿದಳು.

ಪಂಜರದಿಂದ ಮೊದಲು ಇಳಿದವನು ಕಲ್ಲು ತೆಗೆಯುವ ತಿಪ್ಪಯ್ಯ. ಜೂನ್ ತಿಂಗಳ ಬಿಸಿಲಲ್ಲಿ ನಿಂತರೂ ಅವನ ಹಲ್ಲು ಕಟಕಟಿಸುತ್ತಿತ್ತು. ಹಿಂದೆ ಕೆಂಚಣ್ಣ, ಎದೆಯವರೆಗೆ ಒದ್ದೆ. ಅವನ ಹೆಗಲ ಮೇಲೆ ಭಾರ ಹಾಕಿಕೊಂಡು, ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ಬಂದವನು ಹರಿಯಬ್ಬೆಯ ಬೋರಯ್ಯ. ಅವನ ಮಂಡಿ ಸೀಳಿ ರಕ್ತ ಪಾದದವರೆಗೆ ಇಳಿದಿತ್ತು.

ನಾಲ್ಕನೇ ಲೆವೆಲ್ಲಿನಲ್ಲಿ, ಹೊಂಡದ ಬಾಯಿಗಿಂತ ತಗ್ಗಾದ ಒಂದು ಸುರಂಗದ ತುದಿಯಲ್ಲಿ, ಬೋರಯ್ಯ ಮತ್ತು ತಿಪ್ಪಯ್ಯ ಕಲ್ಲು ತೆಗೆಯುತ್ತಿದ್ದರು. ಪಂಪಿನ ಮೋಟಾರು ಸುಟ್ಟು ನಿಂತಿತು. ಎರಡನೇ ಪಂಪು ಹೊರಡಲಿಲ್ಲ. ಹೊಂಡ ತುಂಬಿ ನೀರು ಅವರ ಕಡೆಗೇ ಇಳಿಯಿತು. ಕಾಲು ಒದ್ದೆಯಾದದ್ದು ತಿಳಿದಾಗ, ಇದು ದಿನದ ಒಸರು ಎಂದುಕೊಂಡು ಸುಮ್ಮನಿದ್ದರು. ಮಂಡಿಗೆ ಬಂದಾಗ ಹೆದರಿ ತಿರುಗಿದರೆ, ಬೋರಯ್ಯ ಜಾರಿ ಬಿದ್ದು ಅವನ ದೀಪ ಹೋಯಿತು. ಒಂದೇ ದೀಪದಲ್ಲಿ ಏಣಿ ಹುಡುಕುವಷ್ಟರಲ್ಲಿ ನೀರು ಸೊಂಟ ದಾಟಿತ್ತು. ಊಟದ ಹೊತ್ತಾದರೂ ಇಬ್ಬರೂ ಬರಲಿಲ್ಲವಲ್ಲ ಎಂದು ಕೆಂಚಣ್ಣ ಇಳಿದು ನೋಡಿದ್ದರಿಂದ ಬದುಕಿದರು. ಅವನು ಎರಡನೇ ಪಂಪನ್ನು ಕೈಯಿಂದ ಚಾಲೂ ಮಾಡಿ, ನೀರಿಗಿಳಿದು ಇಬ್ಬರನ್ನೂ ಏಣಿಗೆ ಹತ್ತಿಸಿದ್ದ.

ಇಷ್ಟೆಲ್ಲ ಆಮೇಲೆ ತಿಳಿದದ್ದು. ಆಗ ಕೆಂಚಣ್ಣ ಅವಳನ್ನು ನೋಡಿ ಒಂದೇ ಮಾತು ಹೇಳಿದ.

“ಬೆಲ್ಲು ಬಡೀಲಿಲ್ಲ ಅಮ್ಮಾರೆ.”

ದಾಕ್ಷಾಯಣಿ ಕೋಣೆಗೆ ಹಿಂದಿರುಗಿದಳು. ಕಂಪ್ಯೂಟರಿನ ಮುಖದ ಮೇಲೆ ಸಾಲಾಗಿ ಪುಟ್ಟ ದೀಪಗಳಿದ್ದವು. ಕೆಲಸ ಸರಿಯಾಗಿ ನಡೆಯುವಾಗ ಅವು ಬಿಡುವಿಲ್ಲದೆ ಮಿನುಗುತ್ತವೆ. ಈಗ ಎರಡು ಮೂರು ದೀಪ ಮಾತ್ರ ಅಲುಗುತ್ತಿದ್ದವು, ಉಳಿದವೆಲ್ಲ ಇದ್ದಲ್ಲೇ ನಿಂತಿದ್ದವು. ಯಂತ್ರ ಸತ್ತಿರಲಿಲ್ಲ. ಒಂದೇ ಜಾಗದಲ್ಲಿ ಸುತ್ತುತ್ತಿತ್ತು. ದೀಪಗಳನ್ನು ಓದಿ ಆ ಜಾಗದ ಅಂಕಿಯನ್ನು ಬರೆದುಕೊಂಡಳು. ಅಂಕಿ ಎರಡು ಸಲ ತಪ್ಪಿತು. ಆಮೇಲೆ ಬೆಳಿಗ್ಗೆ ತಂದ ಉದ್ದ ಕಾಗದವನ್ನು ನೆಲದ ಮೇಲೆ ಬಿಡಿಸಿ, ಮಂಡಿಯೂರಿ, ಬೆರಳಿಟ್ಟು ಹುಡುಕಿದಳು.

ಸಿಕ್ಕಿತು. ಅಚ್ಚು ಮಾಡುವ ಪ್ರೋಗ್ರಾಮಿನ ನಡುವೆ ಅವಳೇ ಬರೆದ ಎರಡು ಸಾಲು. ಟೆಲಿಪ್ರಿಂಟರು ಸಿದ್ಧವಿದೆಯೇ? ಇಲ್ಲದಿದ್ದರೆ ಮತ್ತೆ ಕೇಳು.

ಯಾಕೆ ಸಿದ್ಧವಿರಲಿಲ್ಲ ಎಂದು ನೋಡಲು ಮ್ಯಾನೇಜರ್ ಕೋಣೆಗೆ ಹೋದಳು. ಟೆಲಿಪ್ರಿಂಟರಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕಾಗದದ ಸುರುಳಿ ಇರಬೇಕಾದ ಕಡೆ ಬರೀ ರಟ್ಟಿನ ಕೊಳವೆ. ಸುರುಳಿಯ ಕೊನೆಯ ಗೇಣಿನವರೆಗೂ ಬೆಳಿಗ್ಗೆ ಅವಳೇ ಹರಿದುಕೊಂಡು ಹೋಗಿದ್ದಳು. ಅದೀಗ ಅವಳ ಕೋಣೆಯ ನೆಲದ ಮೇಲೆ ಬಿದ್ದಿತ್ತು. ಪಂಪು ನಿಂತಾಗ ಮುಖ್ಯ ಪ್ರೋಗ್ರಾಮು ಪಟ್ಟಿಯಲ್ಲಿ ಮೊದಲಿದ್ದವನನ್ನು ಕರೆದಿತ್ತು. ಅವನು ಕಾಗದಕ್ಕಾಗಿ ಕಾಯುತ್ತಾ ಕೂತ. ಅವನು ಮುಗಿಸುವವರೆಗೂ ಗಂಟೆಯನ್ನು ಕರೆಯುವಂತಿರಲಿಲ್ಲ. ಅದು ಅವಳದೇ ನಿಯಮ.

ಅವಳು ವರಾಂಡದ ಮೆಟ್ಟಿಲ ಮೇಲೆ ಕೂತಳು. ನಾಲ್ಕು ಗಂಟೆಗೆ ಮರುಳಸಿದ್ದಪ್ಪನವರ ಕಾರು ಬಂದು ನಿಂತಾಗಲೂ ಅಲ್ಲೇ ಇದ್ದಳು. ಅವರು ಅವಳನ್ನು ನೋಡದೆ ಒಳಗೆ ಹೋದರು. ಓಬಳೇಶಪ್ಪನನ್ನು ಕರೆಸಿದರು. ಕಿಟಕಿಯಿಂದ ಮಾತು ಕೇಳುತ್ತಿತ್ತು.

“ಬೆಲ್ಲಿನ ವೈರು ಕಿತ್ತಿರ್ಬೇಕು ಸಾರ್. ಹುಡುಗ್ರು ಅದ್ರ ಮೇಲೆ ಅಂಗಿ ನೇತಾಕ್ತಾರೆ,” ಎನ್ನುತ್ತಿದ್ದ ಓಬಳೇಶಪ್ಪ.

“ವೈರು ಹಾಳಾಗೋಗ್ಲಿ. ಪಂಪಿನ ಹತ್ರ ಇರ್ಬೇಕಾದೋನು ಎರಡನೇ ಲೆವೆಲಲ್ಲಿ ಏನ್ ಮಾಡ್ತಿದ್ದ? ಕೆಂಚಣ್ಣಂಗೆ ಮೆಮೊ ಟೈಪ್ ಮಾಡಿಸ್ತೀನಿ. ವಿಚಾರಣೆ ಆಗೋ ತನಕ ಕೆಲ್ಸಕ್ಕೆ ಬರೋದು ಬೇಡ.”

ದಾಕ್ಷಾಯಣಿ ಎದ್ದಳು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

“ಸಾರ್, ವೈರು ಸರಿಯಾಗಿದೆ. ಕೆಂಚಣ್ಣನದು ತಪ್ಪಿಲ್ಲ. ತಪ್ಪು ನನ್ನದು.”

ಕಾಗದ ಮುಗಿಸಿದ್ದನ್ನು ಹೇಳಿದಳು. ಕಾಗದ ಇಲ್ಲದಿದ್ದರೆ ಎಷ್ಟು ಹೊತ್ತಾದರೂ ಕಾಯುವಂತೆ ಬರೆದಿದ್ದನ್ನು ಹೇಳಿದಳು. ಒಬ್ಬನು ಕಾಯುತ್ತಾ ಕೂತರೆ ಹಿಂದಿನವರೆಲ್ಲ ನಿಲ್ಲುತ್ತಾರೆ ಎಂದು ಯೋಚಿಸದೆ ಪಟ್ಟಿ ಮಾಡಿದ್ದನ್ನು ಹೇಳಿದಳು. ಕೊನೆಗೆ, “ಅಚ್ಚನ್ನ ಮೊದ್ಲು ಹಾಕಬಾರದಿತ್ತು ಸಾರ್. ಕೆಂಚಣ್ಣ ಬೆಲ್ಲು ತಡ ಅಂತ ಆವತ್ತೇ ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ,” ಎಂದಳು.

ಮರುಳಸಿದ್ದಪ್ಪನವರು ಟೆಲಿಪ್ರಿಂಟರಿನ ಕೆಂಪು ದೀಪವನ್ನು ನೋಡುತ್ತಾ ಕೂತರು. ಓಬಳೇಶಪ್ಪ ತನ್ನ ಟೋಪಿ ತಿರುಗಿಸುತ್ತಾ ನಿಂತ.

“ಮೊದ್ಲು ನಂಗೆ ಅಂದೋನು ನಾನು,” ಎಂದರು ಅವರು.

“ಬೇಡ ಅನ್ನಬೇಕಾಗಿದ್ದೋಳು ನಾನು ಸಾರ್. ಅದು ನನ್ನ ಕೆಲಸ.”

“ಹೂಂ.” ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಬೋರಯ್ಯ ಹೆಂಗವ್ನೆ?”

“ಮಂಡಿಗೆ ಹೊಲಿಗೆ ಹಾಕಿದಾರೆ,” ಎಂದಳು ದಾಕ್ಷಾಯಣಿ.

“ನಡೀರಿ, ಹೋಗಾಣ. ಮೆಮೊ ಇಲ್ಲ ಓಬಳೇಶಪ್ಪ, ಟೈಪಿಸ್ಟಿಗೆ ಹೇಳ್ಬಿಡು. ವೈರಿನ ಮೇಲೆ ಅಂಗಿ ಹಾಕ್ಬಾರ್ದು ಅಂತ ಮಾತ್ರ ಹುಡುಗ್ರಿಗೆ ಹೇಳು, ನಾನು ಹೇಳ್ದೆ ಅಂತ.”

ಗಣಿಯ ಡಿಸ್ಪೆನ್ಸರಿಯಲ್ಲಿ ಬೋರಯ್ಯ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದ. ಪಕ್ಕದಲ್ಲಿ ಕೆಂಚಣ್ಣ ಯಾರದೋ ಒಣ ಪಂಚೆ ಉಟ್ಟು, ಲೋಟದಲ್ಲಿ ಚಹಾ ಹಿಡಿದು ಕೂತಿದ್ದ. ಮ್ಯಾನೇಜರ್ ಬಂದದ್ದು ನೋಡಿ ಏಳಲು ಹೋದ. ಅವರು ಬೇಡವೆಂದು ಕೈ ಮಾಡಿದರು. ದಾಕ್ಷಾಯಣಿ ನಡೆದದ್ದನ್ನು ಇನ್ನೊಮ್ಮೆ, ಈ ಸಲ ನೀರಿನಲ್ಲಿ ನಿಂತವರ ಎದುರಿಗೇ, ಹೇಳಿದಳು. ಇದು ಹೆಚ್ಚು ಕಷ್ಟವಾಯಿತು.

“ಕಾಗ್ದ ಇಲ್ದಿದ್ದಕ್ಕಾ?” ಎಂದ ಬೋರಯ್ಯ. ಆಮೇಲೆ ನಗತೊಡಗಿದ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕ. “ನಾನು ಕೆಳಗೆ ಎಂಥಾ ದೇವ್ರಿಗೆಲ್ಲ ಹರಸ್ಕಂಡೆ ಗೊತ್ತಾ. ಕಾಗ್ದಕ್ಕೆ ಅಂತ ಗೊತ್ತಿದ್ರೆ ಅಷ್ಟು ಹರಸ್ಕಂತಿರಲಿಲ್ಲ.”

ಕೆಂಚಣ್ಣ ನಗಲಿಲ್ಲ. ಲೋಟ ಕೆಳಗಿಟ್ಟ. “ನಾನೂ ತಪ್ಪಿದೆ ತಾಯಿ. ಹನ್ನೆರಡು ಎಣಿಸ್ದೋನು, ಯಾಕೆ ಹನ್ನೆರಡು ಅಂತ ಕೇಳ್ಳಿಲ್ಲ. ಮಂಡಿ ನೋವು ಹೋಗಿತ್ತು ನೋಡ್ರಿ, ಬಾಯಿ ಮುಚ್ಕಂಡೆ.” ನಂತರ, “ಇನ್ಮೇಲೆ ಬೆಲ್ಲು ಬೇಡ ಅಂತೀರಾ?” ಎಂದು ಕೇಳಿದ.

“ಬೇಡ ಅಂದ್ರೆ ನೀವು ಮತ್ತೆ ಒದ್ದೇಲಿ ಕುಂತ್ಕಬೇಕು. ನನಗೆ ಹದಿನೈದು ದಿನ ಕೊಡ್ರಿ. ನೀವೂ ಬಂದು ಪಕ್ಕದಲ್ಲಿ ಇರ್ರಿ.”

ಅವನು ಬಂದ. ಆ ಹದಿನೈದು ದಿನ ಅವನಿಗೆ ಮೇಲಿನ ಕೆಲಸ ಕೊಟ್ಟಿದ್ದರು. ಮಧ್ಯಾಹ್ನ ಕೈಕಾಲು ತೊಳೆದು ಬಂದು, ಕಂಪ್ಯೂಟರ್ ಕೋಣೆಯ ಒಳಗೇ ಸ್ಟೂಲಿನ ಮೇಲೆ ಕೂರುತ್ತಿದ್ದ. ದಾಕ್ಷಾಯಣಿ ಪ್ರೋಗ್ರಾಮಿನ ಒಂದೊಂದು ನಿಯಮವನ್ನೂ ಅವನಿಗೆ ಹೇಳಿ, ಅವನು ಒಪ್ಪಿದ ಮೇಲೆ ಬರೆಯುತ್ತಿದ್ದಳು.

ಈಗ ಪಟ್ಟಿ ಎರಡಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸಿ ಹಿಂದಿರುಗುವವರು ಮಾತ್ರ ಮೊದಲ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಎರಡನೇ ಪಂಪು, ಗಂಟೆ, ಬಾವಿಯ ಬಾಯಲ್ಲಿ ಓಬಳೇಶಪ್ಪನ ಎದುರಿಗೆ ಉರಿಯುವ ದೀಪ. ಅವರು ಯಾವುದಕ್ಕೂ ಕಾಯುವಂತಿಲ್ಲ. ಯಂತ್ರದೊಳಗೆ ಒಂದು ಗಡಿಯಾರವಿತ್ತು. ಅವರಲ್ಲಿ ಯಾರಾದರೂ ಹೊತ್ತು ಮೀರಿದರೆ ಗಡಿಯಾರ ಅವರನ್ನು ಅಲ್ಲಿಗೇ ಬಿಡಿಸಿ ಮುಂದಿನವರನ್ನು ಕರೆಸಬೇಕು. ನಿಧಾನದ ಕೆಲಸವಿರುವವರದು ಎರಡನೇ ಪಟ್ಟಿ. ಮೊದಲ ಪಟ್ಟಿಯವರೆಲ್ಲ ಮುಗಿಸಿದ ಮೇಲೆ, ಮುಖ್ಯ ಪ್ರೋಗ್ರಾಮಿಗೆ ಬಿಡುವಾದಾಗ ಅವರ ಸರದಿ.

“ಇದೆಲ್ಲ ಸರಿ,” ಎಂದ ಕೆಂಚಣ್ಣ ಐದನೇ ದಿನ. “ಬೆಲ್ಲೇ ಕೆಟ್ರೆ?”

“ಬೆಲ್ಲಿಗೆ ಕರೆಂಟು ಹೋದದ್ದು ಇಲ್ಲಿಗೆ ಗೊತ್ತಾಗ್ತದೆ.”

“ಕರೆಂಟು ಹೋಗೋದು ಬಿಡ್ರಿ. ಬೆಲ್ಲು ಬಡೀತು, ನಾನು ಅಲ್ಲಿಲ್ಲ. ಒಂದಕ್ಕೆ ಹೋಗೀನಿ ಅಂತಿಟ್ಕಳ್ರಿ. ನಿಮ್ಮ ಮಿಷನ್ನು ಕರೆದೆ ಅಂತ ಸುಮ್ನಾಗ್ತೈತೆ. ಕೇಳಿಸ್ತು ಅಂತ ಯಾರು ಹೇಳ್ಬೇಕು?”

ದಾಕ್ಷಾಯಣಿ ಪೆನ್ಸಿಲ್ ಕೆಳಗಿಟ್ಟಳು. ಮೂರು ವರ್ಷ ಬೆಂಗಳೂರಿನಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮಾರನೆಯ ದಿನವೇ ಎರಡನೇ ಲೆವೆಲ್ಲಿನ ಕೋಣೆಯಲ್ಲಿ ಗಂಟೆಯ ಕೆಳಗೆ ಒಂದು ಗುಂಡಿ ಹಾಕಿಸಿದರು. ಗಂಟೆ ಕೇಳಿದವನು ಅದನ್ನು ಒತ್ತಬೇಕು. ಒಂದು ನಿಮಿಷದಲ್ಲಿ ಯಾರೂ ಒತ್ತದಿದ್ದರೆ ಯಂತ್ರ ಪ್ರತಿ ಲೆವೆಲ್ಲಿನಲ್ಲೂ ಹೊಸದಾಗಿ ಹಾಕಿಸಿದ ಗಂಟೆಗಳನ್ನು ಬಾರಿಸುತ್ತದೆ.

ಎಲ್ಲ ಮುಗಿದ ಮೇಲೆ ಮರುಳಸಿದ್ದಪ್ಪನವರು ಬಂದು ಎರಡೂ ಪಟ್ಟಿ ಓದಿದರು. ಮೊದಲ ಪಟ್ಟಿಯನ್ನು ಎರಡು ಸಲ ಓದಿದರು.

“ನನ್ನ ಹೆಸ್ರು ಎರಡನೇ ಪಟ್ಟೀಲಿ. ಅದ್ರಲ್ಲೂ ಕೊನೇಲಾ?”

“ಅದ್ರಲ್ಲಿ ನೀವೊಬ್ರೇ ಸಾರ್ ಇರೋದು. ಮೊದ್ಲೂ ನೀವೇ.”

ಅವರಿಗೆ ನಗು ಬಂತು. ತಾವೇ ಹೋಗಿ ಟೆಲಿಪ್ರಿಂಟರಿನ ಕಾಗದವನ್ನು ತೆಗೆದಿಟ್ಟು, ಈಗ ಪರೀಕ್ಷೆ ಮಾಡ್ರಿ ಎಂದರು. ಕೆಂಚಣ್ಣ ಇಳಿದು ಪಂಪಿನ ಸ್ವಿಚ್ ತೆಗೆದ. ಎಣಿಸೋಣವೆಂದು ಬಾಯಿ ತೆರೆದಿದ್ದ, ಒಂದು ಎನ್ನುವುದರೊಳಗೆ ಎರಡನೇ ಪಂಪು ಗುಂಯ್ಗುಡತೊಡಗಿತು, ಮೇಲಿನ ಕೋಣೆಯಲ್ಲಿ ಗಂಟೆಯೂ ಬಡಿಯಿತು.

ನಿಜವಾದ ಪರೀಕ್ಷೆ ಆದದ್ದು ಸೆಪ್ಟೆಂಬರಿನಲ್ಲಿ. ಹಿಂದಿನ ವಾರವೆಲ್ಲ ಮಳೆ ಹಿಡಿದು ಗಣಿಯ ಒಸರು ಎಂದಿಗಿಂತ ಹೆಚ್ಚಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಪಂಪುಗಳಿಗೆ ಕರೆಂಟು ಒಯ್ಯುವ ದಪ್ಪ ಕೇಬಲ್ ಒಂದು ಕಡೆ ಸುಟ್ಟು, ಎರಡೂ ಪಂಪುಗಳು ಒಟ್ಟಿಗೆ ನಿಂತವು. ಆಗ ಒಳಗೆ ಹದಿನೇಳು ಜನರಿದ್ದರು. ಮಂಡಿ ವಾಸಿಯಾಗಿ ಕೆಲಸಕ್ಕೆ ಮರಳಿದ್ದ ಬೋರಯ್ಯನೂ ಅವರಲ್ಲೊಬ್ಬ.

ದಾಕ್ಷಾಯಣಿ ಕೋಣೆಯಲ್ಲೇ ಇದ್ದಳು. ಎದುರಿನ ದೀಪಗಳು ಒಮ್ಮೆ ಅಲೆಯಂತೆ ಹೊರಳಿ ಮತ್ತೆ ಮಿನುಗತೊಡಗಿದವು. ನಿಲ್ಲಲಿಲ್ಲ. ಎಂಟು ಸೆಕೆಂಡಿಗೆ ಗುಂಡಿ ಒತ್ತಿದ ಗುರುತು ಬಂತು. ಕೆಂಚಣ್ಣನಿಗೆ ಕೇಳಿಸಿತ್ತು, ಇನ್ನು ಅವನು ಇಳಿದು ಎಲ್ಲರನ್ನೂ ಪಂಜರದ ಕಡೆಗೆ ಕಳಿಸುತ್ತಾನೆ. ಅವಳು ಎದ್ದು ಬಾವಿಯ ಕಡೆಗೆ ನಡೆದಳು. ಓಡಲಿಲ್ಲ, ಓಡಿದರೆ ಜನ ಗಾಬರಿಯಾದಾರು ಎಂದು. ಓಬಳೇಶಪ್ಪ ಆಗಲೇ ಪಂಜರ ಇಳಿಸುತ್ತಿದ್ದ.

“ದೀಪ ಹತ್ತಿದ್ ತಕ್ಷಣ ಬಿಟ್ಟೆ,” ಎಂದ ಅವನು, ಯಂತ್ರದ ಹಿಡಿಯ ಮೇಲಿಂದ ಕೈ ತೆಗೆಯದೆ.

ಪಂಜರ ಒಂದು ಸಲಕ್ಕೆ ಆರು ಜನರನ್ನು ತರುತ್ತದೆ. ಮೊದಲ ಆರು ಜನ ಬಂದರು. ಮತ್ತೆ ಆರು. ಅವರಲ್ಲಿ ಬೋರಯ್ಯನಿದ್ದ. ಅವನ ಅಂಗಿ, ಪಂಚೆ, ಕಾಲು, ಎಲ್ಲವೂ ಒಣಗಿದ್ದವು. ದಾಕ್ಷಾಯಣಿ ಅದನ್ನು ಎರಡು ಸಲ ನೋಡಿದಳು. ಮೂರನೇ ಸಲ ನಾಲ್ವರ ಜೊತೆ ಕೆಂಚಣ್ಣ ಬಂದ. ಅವಳೂ ಓಬಳೇಶಪ್ಪನೂ ಒಟ್ಟಿಗೆ ಎಣಿಸಿದರು. ಹದಿನೇಳು. ಗಂಟೆ ಬಡಿದು ಹನ್ನೊಂದು ನಿಮಿಷವಾಗಿತ್ತು.

ಅಷ್ಟರಲ್ಲಿ ಮರುಳಸಿದ್ದಪ್ಪನವರು ಆಫೀಸಿನಿಂದ ಹೊರಗೆ ಬಂದು, ಬಿಸಿಲಲ್ಲಿ ನಿಂತ ಗುಂಪನ್ನು ನೋಡಿ ತಬ್ಬಿಬ್ಬಾದರು. “ಏನಾಯ್ತು? ಎಲ್ಲಾ ಯಾಕೆ ಮೇಲೆ ಬಂದೀರಿ?”

“ಎರಡೂ ಪಂಪು ನಿಂತಾವೆ ಸಾರ್. ಎಲ್ಲಾರೂ ಬಂದೀವಿ,” ಎಂದ ಕೆಂಚಣ್ಣ. “ನಿಮ್ದು ಇನ್ನೂ ಅಚ್ಚಾಗ್ತಿರ್ಬೇಕು.”

ಅವರು ಆಫೀಸಿನ ಕಡೆಗೆ ಒಮ್ಮೆ ತಿರುಗಿ ನೋಡಿದರು. ಬೆಳಿಗ್ಗೆಯೇ ಟೆಲಿಪ್ರಿಂಟರಿನ ಇಂಕಿನ ರಿಬ್ಬನ್ ಸಿಕ್ಕಿಹಾಕಿಕೊಂಡಿದ್ದು, ಅದನ್ನು ಸರಿಪಡಿಸುವವನು ಹಿರಿಯೂರಿನಿಂದ ಬರಬೇಕಿತ್ತು. ಅವರಿಗೆ ಸುದ್ದಿಯೇ ಹೋಗಿರಲಿಲ್ಲ. ಅದು ಅವರಿಗೆ ಹೊಳೆಯಿತು. ಅಲ್ಲೇ ಕಲ್ಲಿನ ಮೇಲೆ ಕೂತು, ಬೋರಯ್ಯನ ಹತ್ತಿರ ಒಂದು ಬೀಡಿ ಕೇಳಿ ಪಡೆದರು. ಅವರು ಬೀಡಿ ಸೇದಿದ್ದನ್ನು ಆ ಗಣಿಯಲ್ಲಿ ಯಾರೂ ನೋಡಿರಲಿಲ್ಲ.

“ಕೇಬಲ್ಲು ಎರಡು ದಿನದ ಕೆಲ್ಸ,” ಎಂದರು ಹೊಗೆ ಬಿಟ್ಟು. “ನೀರು ತುಂಬ್ಲಿ ಬಿಡು. ಕಲ್ಲಿಗೇನು ಆಗಲ್ಲ.”

ಆ ಶನಿವಾರ ಮಧ್ಯಾಹ್ನ ದಾಕ್ಷಾಯಣಿ ಹೊಸದುರ್ಗದಲ್ಲಿ ಊರಿನ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಳೆ ಬಿದ್ದ ಹೊಲಗಳಲ್ಲಿ ರಾಗಿ ಎದ್ದಿತ್ತು. ಅಷ್ಟು ನೋಡಿದ್ದಷ್ಟೇ ಅವಳಿಗೆ ನೆನಪು. ಕಂಡಕ್ಟರ್ ಭುಜದ ಹತ್ತಿರ ಟಿಕೆಟ್ ಪೆಟ್ಟಿಗೆ ಬಡಿದು ಎಬ್ಬಿಸಿದಾಗ ಬಸ್ಸು ಖಾಲಿಯಾಗಿತ್ತು.

“ಇಳೀರಿ ಅಕ್ಕಾರೆ, ದುರ್ಗ ಬಂತು.”

“ಹೊಳಲ್ಕೆರೆ?”

“ಅದು ಹೋಗಿ ಮುಕ್ಕಾಲು ಗಂಟೆ ಆತು. ಎರಡು ಸಲ ಕೂಗ್ದೆ. ನೀವು ಏಳ್ಲಿಲ್ಲ.”

ಕೇಳಿಸಿತು ಎನ್ನಲು ಬಸ್ಸಿನಲ್ಲೂ ಒಂದು ಗುಂಡಿ ಬೇಕಿತ್ತು ಎನಿಸಿ ಅವಳಿಗೆ ನಗು ತಡೆಯಲಾಗಲಿಲ್ಲ. ಕಂಡಕ್ಟರ್ ಕೂಡ ಏನೆಂದು ತಿಳಿಯದೆಯೇ ನಕ್ಕ. ಚಿತ್ರದುರ್ಗದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು, ಹೊಳಲ್ಕೆರೆಗೆ ಹಿಂದಿರುಗುವ ಬಸ್ಸಿನಲ್ಲಿ ಕೂತು ಒಬ್ಬಳೇ ಅಷ್ಟನ್ನೂ ತಿಂದಳು. ಬಸ್ಸು ಹೊರಡಲು ಇನ್ನೂ ಅರ್ಧ ಗಂಟೆಯಿತ್ತು. ಅವಳಿಗೆ ಯಾವ ಅವಸರವೂ ಇರಲಿಲ್ಲ.